ಕುಬ್ಜರ ಗುಟ್ಟು, ಎಲ್ಫ್‌ಗಳ ವಿಭಕ್ತಿ

ಜೆ.ಆರ್.ಆರ್. ಟೋಲ್ಕಿನ್ ಕಟ್ಟಿದ ಮಿಡ್ಲ್ ಅರ್ಥ್ ಎಂಬ ಲೋಕದಲ್ಲಿ ಕುಬ್ಜರ ಜನಾಂಗವೊಂದಿದೆ. ಗಡ್ಡ ಬಿಟ್ಟು, ಕೊಡಲಿ ಹಿಡಿದು, ಬೆಟ್ಟದ ಹೊಟ್ಟೆಯಲ್ಲಿ ಗಣಿ ತೋಡಿಕೊಂಡು ಬದುಕುವ ಜನ. ಅವರಿಗೆ ಖುಜ್ದುಲ್ ಎಂಬ ಸ್ವಂತ ಭಾಷೆಯಿದೆ, ಆದರೆ ಹೊರಗಿನವರಿಗೆ ಅದನ್ನು ಕಲಿಸುವುದಿಲ್ಲ. ಪ್ರತಿ ಕುಬ್ಜನಿಗೂ ಆ ಭಾಷೆಯಲ್ಲೊಂದು ನಿಜನಾಮವಿದೆ. ಅದನ್ನು ಬೇರೆ ಜನಾಂಗದ ಯಾರಿಗೂ ಹೇಳುವುದಿಲ್ಲ, ಸತ್ತ ಮೇಲೆ ಗೋರಿಯ ಕಲ್ಲಿನಲ್ಲೂ ಕೆತ್ತಿಸುವುದಿಲ್ಲ. ಮೋರಿಯಾ ಎಂಬ ಪಾಳುಬಿದ್ದ ಗಣಿಯಲ್ಲಿ ಬಾಲಿನ್ ಎಂಬ ಕುಬ್ಜ ದೊರೆಯ ಗೋರಿ ಸಿಗುತ್ತದೆ. ಅದರ ಮೇಲೆ ಖುಜ್ದುಲ್‌ನಲ್ಲಿ ಬರೆದಿದೆ, ಸರಿ. ಆದರೆ ‘ಬಾಲಿನ್’ ಎಂಬ ಹೆಸರು ಮಾತ್ರ ನೆರೆಯ ಮನುಷ್ಯರ ಭಾಷೆಯಿಂದ ಎರವಲು ತಂದದ್ದು. ಊರಿಗೆ ಹೇಳಿಕೊಳ್ಳುವ ಹೆಸರು ಅದು. ದೊರೆಯ ನಿಜವಾದ ಹೆಸರು ದೊರೆಯ ಜೊತೆಗೇ ಮಣ್ಣಾಯಿತು.

ಇಷ್ಟು ಸೊಗಸಾದ ಕಲ್ಪನೆ ಹುಟ್ಟಿದ್ದು ಒಂದು ಪೇಚಿನಿಂದ. 1937ರಲ್ಲಿ ಬಂದ ‘ದಿ ಹಾಬಿಟ್’ ಮಕ್ಕಳ ಕತೆ. ಅದರ ಕುಬ್ಜರಿಗೆಲ್ಲ ಹೆಸರಿಡುವಾಗ ಟೋಲ್ಕಿನ್ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹಳೆಯ ನಾರ್ಸ್ ಭಾಷೆಯ ‘ವೊಲುಸ್ಪಾ’ ಎಂಬ ಕಾವ್ಯದಲ್ಲಿ ಕುಬ್ಜರ ಹೆಸರುಗಳ ಪಟ್ಟಿಯೊಂದಿತ್ತು. ಥೋರಿನ್, ಡ್ವಾಲಿನ್, ಫೀಲಿ, ಕೀಲಿ ಎಂದು ಬಹುಪಾಲು ಹೆಸರುಗಳನ್ನು ಅಲ್ಲಿಂದ ಎತ್ತಿಕೊಂಡರು. ಮಾಂತ್ರಿಕ ಗ್ಯಾಂಡಾಲ್ಫ್‌ನ ಹೆಸರೂ ಅದೇ ಪಟ್ಟಿಯದು. ಮುಂದೆ ಅದೇ ಲೋಕ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಆಗಿ ಬೆಳೆದು 1954–55ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಗುವ ಹೊತ್ತಿಗೆ ಪ್ರಶ್ನೆ ಎದ್ದಿತು. ಸ್ಕ್ಯಾಂಡಿನೇವಿಯಾ ಎಂಬುದೇ ಇಲ್ಲದ ಲೋಕದಲ್ಲಿ ಸ್ಕ್ಯಾಂಡಿನೇವಿಯದ ಹೆಸರುಗಳು ಹೇಗೆ ಬಂದವು? ಬೇರೆಯವರಾಗಿದ್ದರೆ ಕಂಡೂ ಕಾಣದಂತೆ ಸುಮ್ಮನಾಗುತ್ತಿದ್ದರು. ಟೋಲ್ಕಿನ್ ಭಾಷಾಶಾಸ್ತ್ರಿ, ಸುಮ್ಮನಿರಲು ಆಗಲಿಲ್ಲ. ಅವು ಕುಬ್ಜರ ಹೆಸರುಗಳಲ್ಲ, ಬಡಗಣ ಮನುಷ್ಯರ ಭಾಷೆಯ ಹೆಸರುಗಳು. ಆ ಭಾಷೆಯನ್ನು ಓದುಗರ ಅನುಕೂಲಕ್ಕಾಗಿ ನಾನು ನಾರ್ಸ್‌ಗೆ ಬದಲಿಸಿದ್ದೇನೆ ಎಂದುಬಿಟ್ಟರು. ತೇಪೆ ಹಚ್ಚಲು ಕೂತವರು ಜರತಾರಿ ನೇಯ್ದರು. ಹೆಸರನ್ನೇ ಬಚ್ಚಿಡುವ ಜನ ಎಂದ ಕೂಡಲೇ ಅವರಿಗೊಂದು ಸ್ವಭಾವ ಬಂತು, ಯಾರನ್ನೂ ನಂಬದ ಒಂದು ಹಳೆಯ ನೋವೂ ಬಂತು.

ಖುಜ್ದುಲ್‌ನ ಕಟ್ಟಡವನ್ನು ಟೋಲ್ಕಿನ್ ಹೀಬ್ರೂ, ಅರಬಿ ಭಾಷೆಗಳ ಮಾದರಿಯಲ್ಲಿ ಎಬ್ಬಿಸಿದರು. ಅಲ್ಲಿ ಧಾತುವೆಂದರೆ ಮೂರು ವ್ಯಂಜನ. ನಡುವಿನ ಸ್ವರ ಬದಲಾದಂತೆ ಅರ್ಥ ಬದಲಾಗುತ್ತದೆ. ಕಿತಾಬು ಎಂದರೆ ಪುಸ್ತಕ, ಕಾತಿಬ ಎಂದರೆ ಬರೆಯುವವನು, ಮಕ್ತಬ ಎಂದರೆ ಓದುಬರಹ ಕಲಿಸುವ ಜಾಗ. ಮೂರರಲ್ಲೂ ಕ್-ತ್-ಬ್ ಕಾಣುತ್ತದೆ. ಹಾಗೆಯೇ ಖ್-ಜ್-ದ್ ಧಾತುವಿನಿಂದ ಕುಬ್ಜಕುಲಕ್ಕೆ ಖಜಾದ್, ಅವರ ಭಾಷೆಗೆ ಖುಜ್ದುಲ್. ಮಿಕ್ಕಂತೆ ನಮಗೆ ಸಿಗುವುದು ಬೆರಳೆಣಿಕೆಯ ಪದಗಳು, ಒಂದು ಯುದ್ಧಘೋಷ, ಕೆಲವು ಊರಿನ ಹೆಸರು. ಗುಟ್ಟಿನ ಭಾಷೆಯೆಂದ ಮೇಲೆ ಲೇಖಕನೂ ಗುಟ್ಟು ಬಿಟ್ಟುಕೊಡಬಾರದಲ್ಲ!

ಟೋಲ್ಕಿನ್ (1892–1973) ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್‌ನ ಪ್ರಾಧ್ಯಾಪಕರಾಗಿದ್ದವರು. ಮೊದಲ ಮಹಾಯುದ್ಧದಿಂದ ಮರಳಿದ ಮೇಲೆ ಸ್ವಲ್ಪ ಕಾಲ ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಕೂತು ‘ಡಬ್ಲ್ಯು’ ಅಕ್ಷರದ ಪದಗಳ ಮೂಲ ಹುಡುಕಿದ್ದರು. ಭಾಷೆ ಕಟ್ಟುವ ಗೀಳು ಮಾತ್ರ ಅದಕ್ಕೂ ಹಳೆಯದು. ಹುಡುಗನಾಗಿದ್ದಾಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರ ಮನೆಯ ಹಿಂದೆ ರೈಲು ಹಳಿ. ವೇಲ್ಸ್‌ನಿಂದ ಬರುವ ಕಲ್ಲಿದ್ದಲ ಗಾಡಿಗಳ ಮೇಲೆ ಬರೆದ ವೆಲ್ಷ್ ಊರುಗಳ ಹೆಸರು ಅರ್ಥವಾಗದಿದ್ದರೂ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. ಕಾಲೇಜಿನಲ್ಲಿದ್ದಾಗ ಗ್ರಂಥಾಲಯದಲ್ಲಿ ಫಿನ್ನಿಶ್ ವ್ಯಾಕರಣವೊಂದು ಕೈಗೆ ಸಿಕ್ಕಿತು. ಅದರ ಗುಂಗಿನಲ್ಲಿ ಪಠ್ಯದ ಗ್ರೀಕು, ಲ್ಯಾಟಿನ್ ಹಿಂದೆ ಬಿದ್ದವು, ಪರೀಕ್ಷೆಯಲ್ಲಿ ಎರಡನೆಯ ದರ್ಜೆ ಬಂತು, ವಿಷಯ ಬದಲಿಸಬೇಕಾಯಿತು. ಲೋಕಕ್ಕೆ ಲಾಭವೇ ಆಯಿತು. 1931ರಲ್ಲಿ ಈ ಹವ್ಯಾಸದ ಬಗ್ಗೆ ಉಪನ್ಯಾಸ ಕೊಡುವಾಗ ಅದನ್ನು ಗುಟ್ಟಿನ ದುಶ್ಚಟ ಎಂದೇ ಕರೆದುಕೊಂಡರು. ಕತೆಗಾಗಿ ಭಾಷೆ ಹುಟ್ಟಿಸಿದ್ದಲ್ಲ, ಭಾಷೆ ಆಡಲು ಜನ ಬೇಕಿತ್ತು, ಅದಕ್ಕೆ ಕತೆ ಬರೆದೆ ಎಂಬುದು ಅವರ ಕೊನೆಯವರೆಗಿನ ವಾದ. ಓದುಗರು ಯಾರೂ ಪೂರ್ತಿ ನಂಬುವುದಿಲ್ಲ; ಕಾಗದಪತ್ರ ನೋಡಿದರೆ ನಂಬದೆ ವಿಧಿಯಿಲ್ಲ. ಎಲ್ಫ್ ಭಾಷೆಯ ಪದಕೋಶವನ್ನು ಅವರು ಬರೆಯತೊಡಗಿದ್ದು 1915ರಲ್ಲಿ, ‘ಹಾಬಿಟ್’ ಅಚ್ಚಾಗುವ ಇಪ್ಪತ್ತೆರಡು ವರ್ಷ ಮೊದಲು.

ಎಲ್ಫ್‌ಗಳೆಂದರೆ ಸಾವಿಲ್ಲದ, ಚೆಲುವಾದ, ಸ್ವಲ್ಪ ಬಿಗುಮಾನದ ಜನ. ಅವರಿಗೆ ಒಂದಲ್ಲ, ಮುಖ್ಯವಾಗಿ ಎರಡು ಭಾಷೆ: ಕ್ವೆನ್ಯಾ ಮತ್ತು ಸಿಂಡರಿನ್. ಮೊದಲನೆಯದಕ್ಕೆ ಫಿನ್ನಿಶ್‌ನ ದನಿ, ಎರಡನೆಯದಕ್ಕೆ ವೆಲ್ಷ್‌ನ ದನಿ. ಇವೆರಡೂ ಒಂದೇ ತಾಯಿಯ ಮಕ್ಕಳು ಎಂಬುದು ಸ್ವಾರಸ್ಯ. ಟೋಲ್ಕಿನ್ ಮೊದಲು ಮೂಲಭಾಷೆಯ ಧಾತುಗಳನ್ನು ಬರೆದಿಟ್ಟು, ಅವು ಎರಡು ನಾಡುಗಳಲ್ಲಿ ಹೇಗೆ ಸವೆದು ಬದಲಾದವು ಎಂಬ ನಿಯಮಗಳನ್ನು ಹಾಕಿ, ಆ ನಿಯಮಗಳ ಮೂಲಕ ಒಂದೊಂದೇ ಪದವನ್ನು ಹಾಯಿಸುತ್ತಿದ್ದರು. ಕ್ವೆನ್ಯಾದಲ್ಲಿ ಮರಕ್ಕೆ ‘ಅಲ್ದ’, ಸಿಂಡರಿನ್‌ನಲ್ಲಿ ‘ಗಲಧ್’. ಮಾತು ಎನ್ನಲು ಅಲ್ಲಿ ‘ಕ್ವೆತ್ತ’, ಇಲ್ಲಿ ‘ಪೆಥ್’. ‘ಕ್ವ’ ಇದ್ದಲ್ಲೆಲ್ಲ ‘ಪ’ ಬರುವುದು ಅಡ್ಡಾದಿಡ್ಡಿಯಲ್ಲ. ನಾಲ್ಕು ಎನ್ನಲು ಲ್ಯಾಟಿನ್‌ನಲ್ಲಿ ‘ಕ್ವಾಟ್ಟುಅರ್’, ವೆಲ್ಷ್‌ನಲ್ಲಿ ‘ಪೆದ್ವಾರ್’. ಯುರೋಪಿನಲ್ಲಿ ನಿಜವಾಗಿ ನಡೆದ ಬದಲಾವಣೆಯನ್ನೇ ಅವರು ಎಲ್ಫ್‌ಗಳ ನಾಲಗೆಗೆ ದಾಟಿಸಿದರು. ನಮಗೂ ಇದು ಹೊಸದಲ್ಲ. ಹಳಗನ್ನಡದ ಪಾಲ್, ಪುಲಿ, ಪತ್ತು ಇಂದು ಹಾಲು, ಹುಲಿ, ಹತ್ತು. ತಮಿಳಿನವರ ಬಾಯಲ್ಲಿ ‘ಪ’ ಇನ್ನೂ ಗಟ್ಟಿಯಾಗಿ ಕೂತಿದೆ. ಪಂಪನನ್ನು ಓದಿದವರಿಗೆ ಕ್ವೆನ್ಯಾ–ಸಿಂಡರಿನ್ ನಂಟು ಬಿಡಿಸಿ ಹೇಳಬೇಕಿಲ್ಲ.

ಕ್ವೆನ್ಯಾದ ವ್ಯಾಕರಣ ನೋಡಿದರಂತೂ ಇಂಗ್ಲಿಷಿನವನಿಗಿಂತ ಕನ್ನಡಿಗನೇ ಬೇಗ ಹೊಂದಿಕೊಳ್ಳುತ್ತಾನೆ. ಹಡಗಿಗೆ ಅಲ್ಲಿ ‘ಕಿರ್ಯ’. ಹಡಗಿನ ಕಡೆಗೆ ಎನ್ನಲು ‘ಕಿರ್ಯನ್ನ’, ಹಡಗಿನಲ್ಲಿ ಎನ್ನಲು ‘ಕಿರ್ಯಸ್ಸೆ’, ಹಡಗಿನಿಂದ ಎನ್ನಲು ‘ಕಿರ್ಯಲ್ಲೊ’. ಇಂಗ್ಲಿಷಿನಲ್ಲಿ ಪದಕ್ಕೆ ಮೊದಲು ಬಂದು ನಿಲ್ಲುವ ಸಣ್ಣಪುಟ್ಟ ಶಬ್ದಗಳ ಕೆಲಸವೆಲ್ಲ ಇಲ್ಲಿ ಪದದ ಬಾಲಕ್ಕೆ ಅಂಟಿದ ಪ್ರತ್ಯಯದ್ದು. ಗೆ, ಅಲ್ಲಿ, ಇಂದ ಎಂದು ಶಾಲೆಯಲ್ಲಿ ವಿಭಕ್ತಿ ಗಿಳಿಪಾಠ ಮಾಡಿದ್ದು ಎಲ್ಫ್‌ಲೋಕದಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಸಂಗತಿ: ಕ್ವೆನ್ಯಾದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ನ್, ರ್, ಲ್, ಸ್, ತ್ ಇಂಥ ಮೆದು ವ್ಯಂಜನದಲ್ಲಿ. ಬಸ್ಸನ್ನು ಬಸ್ಸು ಮಾಡಿ, ಕಾರನ್ನು ಕಾರು ಮಾಡಿ, ಕೊನೆಗೊಂದು ‘ಉ’ ಹಚ್ಚದೆ ಬಿಡದ ನಮ್ಮ ನಾಲಗೆಗೆ ಈ ಜನ ದೂರದವರಲ್ಲ. ಸಿಂಡರಿನ್‌ನದು ಬೇರೆಯೇ ಹಾದಿ. ಅಲ್ಲಿ ಬಹುವಚನಕ್ಕೆ ‘ಗಳು’ ಹಚ್ಚುವ ಮಾತೇ ಇಲ್ಲ, ಪದದ ಹೊಟ್ಟೆಯೊಳಗಿನ ಸ್ವರವೇ ಬದಲಾಗುತ್ತದೆ. ಗುಡ್ಡ ‘ಅಮೊನ್’, ಗುಡ್ಡಗಳು ‘ಎಮಿನ್’. ಮನುಷ್ಯ ‘ಅದನ್’, ಮನುಷ್ಯರು ‘ಎದೈನ್’.

ವ್ಯಾಕರಣದ ಕೋಷ್ಟಕ ಯಾರು ಬೇಕಾದರೂ ಹಾಕಬಹುದು, ಬೇಸಗೆ ರಜೆಯ ಕೆಲಸ ಅದು. ಟೋಲ್ಕಿನ್‌ರ ಹೆಚ್ಚುಗಾರಿಕೆ ಇರುವುದು ಆ ಕೋಷ್ಟಕದ ಹಿಂದೆ ರಾಜಕೀಯ ತುಂಬಿದ್ದರಲ್ಲಿ. ಕ್ವೆನ್ಯಾ ಆಡುತ್ತಿದ್ದ ನೋಲ್ದೋರ್ ಎಂಬ ಎಲ್ಫ್ ಬಣ ಹಡಗುಗಳಿಗಾಗಿ ತಮ್ಮದೇ ಕುಲದ ಬಂದರಿನ ಜನರನ್ನು ಕೊಂದು, ಹಡಗು ಕಸಿದುಕೊಂಡು, ಕಡಲು ದಾಟಿ ಬರುತ್ತದೆ. ಕೊಲೆಯಾದವರು ಥಿಂಗೊಲ್ ಎಂಬ ದೊರೆಯ ರಕ್ತಸಂಬಂಧಿಗಳು. ಸುದ್ದಿ ತಿಳಿದ ಥಿಂಗೊಲ್ ಮೇಲೆ ಬಿದ್ದು ಯುದ್ಧಕ್ಕೆ ಹೋಗುವುದಿಲ್ಲ. ನನ್ನ ರಾಜ್ಯದಲ್ಲಿ ಆ ಕೊಲೆಗಡುಕರ ಭಾಷೆ ಯಾರ ಬಾಯಲ್ಲೂ ಬರಕೂಡದು ಎಂದು ಆಜ್ಞೆ ಹೊರಡಿಸುತ್ತಾನೆ. ಮೆರೆಯಬೇಕೆಂದು ಬಂದವರು ಸ್ಥಳೀಯರ ಸಿಂಡರಿನ್ ಕಲಿತು, ತಮ್ಮ ಹೆಸರುಗಳನ್ನೂ ಅದಕ್ಕೆ ತಿರುಗಿಸಿಕೊಂಡು ಬದುಕಬೇಕಾಗುತ್ತದೆ. ಕ್ವೆನ್ಯಾ ದಿನಬಳಕೆಯಿಂದ ಜಾರಿ ಮಂತ್ರ, ಕಾವ್ಯ, ಪಟ್ಟಾಭಿಷೇಕಗಳ ಭಾಷೆಯಾಗಿ ಉಳಿಯುತ್ತದೆ. ಮನೆಮಾತಾಗಿ ಸೋತದ್ದು ಮಡಿಮಾತಾಗಿ ಗೆಲ್ಲುವುದು ನಾವು ಕಾಣದ್ದೇನಲ್ಲ.

ಇದಕ್ಕಿಂತ ಕ್ರೂರವಾದದ್ದು ನೂಮೆನೋರ್ ದ್ವೀಪದ ಮನುಷ್ಯರ ಕತೆ. ಆರಂಭದ ಅರಸರು ಎಲ್ಫ್‌ಗಳ ಮೇಲಿನ ಗೌರವದಿಂದ ಕ್ವೆನ್ಯಾ ಬಿರುದು ಹೊತ್ತರು. ಕಾಲ ಕಳೆದಂತೆ ಅಸೂಯೆ ಬೆಳೆಯಿತು: ಅವರಿಗೆ ಸಾವಿಲ್ಲ, ನಮಗೆ ಮಾತ್ರ ಯಾಕೆ? ಇಪ್ಪತ್ತನೆಯ ಅರಸ ಸ್ವಂತ ಅದುನಾಯಿಕ್ ಭಾಷೆಯಲ್ಲಿ ‘ಅರ್-ಅದೂನಖೋರ್’ ಎಂಬ ಹೆಸರಿಟ್ಟುಕೊಂಡು ಸಿಂಹಾಸನ ಏರಿದ. ಮುಂದೊಬ್ಬ ಎಲ್ಫ್ ಭಾಷೆಗಳನ್ನೇ ಪೂರ್ತಿ ನಿಷೇಧಿಸಿದ. ಇಲ್ಲೊಂದು ಸಣ್ಣ ವಿವರ ನನಗೆ ತುಂಬ ಇಷ್ಟ. ಹೆಸರನ್ನು ತಾಯ್ನುಡಿಗೆ ಬದಲಿಸಿದ ಆ ಅರಸ ರಾಜವಂಶಾವಳಿಯ ಓಲೆಯಲ್ಲಿ ಮಾತ್ರ ಹಳೆಯ ಪದ್ಧತಿಯಂತೆ ಕ್ವೆನ್ಯಾ ಹೆಸರನ್ನೂ ಬರೆಸಿದ. ಬಿಟ್ಟರೆ ಎಲ್ಲಿ ಕೇಡಾಗುತ್ತದೋ ಎಂಬ ಅಂಜಿಕೆ! ಬೀದಿಯಲ್ಲಿ ಬಂಡಾಯ ಹೂಡಿ ದೇವರಕೋಣೆಯಲ್ಲಿ ಕೈಮುಗಿಯುವ ಈ ಮನುಷ್ಯನನ್ನು ಕಲ್ಪಿಸಿಕೊಳ್ಳಲು ಭಾಷೆಯ ಚರಿತ್ರೆ ಗೊತ್ತಿರುವವನಿಗೆ ಮಾತ್ರ ಸಾಧ್ಯ.

ಲಿಪಿಯ ವಿಷಯಕ್ಕೆ ಬಂದರೆ, ಫೆಯಾನೋರ್ ಎಂಬ ಎಲ್ಫ್ ರೂಪಿಸಿದ ತೆಂಗ್ವಾರ್ ಅಕ್ಷರಗಳನ್ನು ಕಂಡಾಗ ನಮ್ಮ ವರ್ಣಮಾಲೆ ನೆನಪಾಗದೆ ಇರದು. ಎ, ಬಿ, ಸಿ ಹಾಗೆ ಹೇಗೆಂದರೆ ಹಾಗೆ ನಿಂತ ಸಾಲಲ್ಲ ಅದು. ಮುಖ್ಯ ಅಕ್ಷರ 24. ದನಿ ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ನಾಲ್ಕು ಕಂಬಸಾಲು, ಹೇಗೆ ಹುಟ್ಟುತ್ತದೆ ಎಂಬುದರ ಮೇಲೆ ಆರು ಅಡ್ಡಸಾಲು. ದಂತ್ಯ ಒಂದು ಕಡೆ, ಓಷ್ಠ್ಯ ಒಂದು ಕಡೆ, ಅನುನಾಸಿಕಕ್ಕೆ ತನ್ನದೇ ಸಾಲು. ಅಕ್ಷರದ ಬಿಲ್ಲನ್ನು ಜೋಡಿ ಮಾಡಿದರೆ ‘ತ’ ಹೋಗಿ ‘ದ’, ‘ಪ’ ಹೋಗಿ ‘ಬ’. ನಾವು ‘ದ’ದ ಕೆಳಗೆ ಸೀಳಿ ‘ಧ’ ಮಾಡುವಂತೆ ಅಲ್ಲಿಯೂ ಆಕಾರವೇ ಉಚ್ಚಾರ ಹೇಳಿಕೊಡುತ್ತದೆ. ಸ್ವರಗಳಿಗೆ ವ್ಯಂಜನದ ತಲೆಯ ಮೇಲೆ ಗುರುತು. ಕಾಗುಣಿತ ಬಲ್ಲವರಿಗೆ ಇದೂ ಪರಿಚಿತ. ಶಾಸ್ತ್ರೀಯವಾಗಿ ಯೋಚಿಸುವ ಜನ ಲಿಪಿ ಮಾಡಿದರೆ ವರ್ಗಾಕ್ಷರ ಬರುವುದು ಸಹಜ ಎಂದಷ್ಟೇ ನಾನು ಹೇಳಬಲ್ಲೆ.

ಮರದಂತಹ ಮನುಷ್ಯರಾದ ಎಂಟ್‌ಗಳ ಭಾಷೆಯ ಬಗ್ಗೆ ಹೆಚ್ಚು ಹೇಳುವಂತಿಲ್ಲ, ಯಾಕೆಂದರೆ ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅಂಕಣದ ಜಾಗ ಮುಗಿದಿರುತ್ತದೆ. ಒಂದು ವಸ್ತುವಿನ ಹೆಸರೆಂದರೆ ಅದರ ಪೂರ್ತಿ ಚರಿತ್ರೆ. ವಸ್ತು ಬದುಕಿದ್ದಷ್ಟು ಕಾಲ ಹೆಸರೂ ಉದ್ದವಾಗುತ್ತ ಹೋಗುತ್ತದೆ. ಸಾವಿರಾರು ವರ್ಷ ಒಂದೆಡೆ ನಿಲ್ಲುವವರಿಗೆ ಅವಸರವೇನು?

ಕರಾಳ ನುಡಿಯದು ಇದಕ್ಕೆ ತದ್ವಿರುದ್ಧ. ದುಷ್ಟ ಸೌರಾನ್ ತನ್ನ ಸೇವಕರೆಲ್ಲ ಇದನ್ನೇ ಆಡಬೇಕೆಂದು ಕೂತು ಕಟ್ಟಿದ ಭಾಷೆ ಅದು. ಉಂಗುರಕ್ಕೆ ‘ನಜ್ಗ್’, ಗುಲಾಮನಿಗೆ ‘ಸ್ನಾಗಾ’, ಬೆಂಕಿಗೆ ‘ಘಾಶ್’. ಯೋಜನೆ ನೆಲಕಚ್ಚಿತು. ಅವನ ದಂಡಿನ ಓರ್ಕ್‌ಗಳು ಅದನ್ನು ಕಲಿಯುವ ಬದಲು ಕೆಡಿಸಿ, ಗುಂಪಿಗೊಂದು ಹರುಕುಮುರುಕು ಮಾತು ಮಾಡಿಕೊಂಡವು. ಕೊನೆಗೆ ಒಂದು ಬೆಟ್ಟದ ಓರ್ಕ್‌ನ ಬೈಗುಳ ಇನ್ನೊಂದು ಬೆಟ್ಟದ ಓರ್ಕ್‌ಗೆ ತಿಳಿಯದೆ, ಮನುಷ್ಯರ ಸಾಮಾನ್ಯ ಭಾಷೆಯಲ್ಲೇ ಜಗಳವಾಡುವ ಗತಿ ಬಂತು. ಸೆರೆಸಿಕ್ಕ ಹಾಬಿಟ್‌ಗಳಿಗೆ, ಅಂದರೆ ಕತೆಯ ನಾಯಕರಾದ ಪುಟ್ಟ ಜನಕ್ಕೆ, ಅವುಗಳ ಮಾತು ಅರ್ಥವಾಗಿದ್ದು ಅದರಿಂದಲೇ. ಸರ್ವಾಧಿಕಾರಿ ಮೇಲಿನಿಂದ ಹೇರಿದ ಭಾಷೆ ಹೀಗೆ ಸೋಲುವುದನ್ನು ಟೋಲ್ಕಿನ್ ಒಂದು ಪುಟದಲ್ಲಿ ಹೇಳಿ ಮುಗಿಸುತ್ತಾರೆ. ಈ ಭಾಷೆಯನ್ನು ಅವರು ನಿಜಕ್ಕೂ ಹೇಸುತ್ತಿದ್ದರು. ಅಭಿಮಾನಿಯೊಬ್ಬರು ಸೌರಾನ್‌ನ ಉಂಗುರದ ಮೇಲೆ ಈ ಭಾಷೆಯಲ್ಲಿರುವ ಬರಹವನ್ನೇ ಕೆತ್ತಿಸಿದ ಲೋಹದ ಲೋಟವೊಂದನ್ನು ಕಳಿಸಿದಾಗ, ಅದರಲ್ಲಿ ಒಮ್ಮೆಯೂ ಕುಡಿಯದೆ ತಂಬಾಕಿನ ಬೂದಿ ಹಾಕಲು ಇಟ್ಟುಕೊಂಡರಂತೆ.

ಇಲ್ಲಿ ನನ್ನದೊಂದು ತಕರಾರಿದೆ. ಒಳ್ಳೆಯವರಿಗೆ ಲ, ನ, ರ. ಕೆಟ್ಟವರಿಗೆ ಘ, ಝ, ಜ್ಗ್. ಈ ಹಂಚಿಕೆಗೆ ಆಕ್ಸ್‌ಫರ್ಡ್‌ನ ಕಿವಿಯ ಹೊರತು ಬೇರೆ ಆಧಾರವಿಲ್ಲ. ‘ಘ’ ಕೇಳಿದರೆ ನಮಗೆ ನೆನಪಾಗುವುದು ಒಗ್ಗರಣೆಯ ಘಮಘಮ, ರಾಕ್ಷಸನಲ್ಲ. ದನಿಯಲ್ಲಿ ಕೇಡಿಲ್ಲ, ಕೇಳುವವನ ಅಭ್ಯಾಸದಲ್ಲಿದೆ. ಇಷ್ಟು ದೊಡ್ಡ ಭಾಷಾಶಾಸ್ತ್ರಿಗೆ ಇದು ಗೊತ್ತಿರಲಿಲ್ಲವೆಂದಲ್ಲ; ಗೊತ್ತಿದ್ದೂ ತನ್ನ ಕಿವಿಯ ಪಕ್ಷ ವಹಿಸಿದರು.

ಎಲ್ಲಕ್ಕಿಂತ ಚತುರ ಕೆಲಸ ಇರುವುದು ಯಾರೂ ಭಾಷೆಯೆಂದೇ ಗುರುತಿಸದ ಕಡೆ. ಹಾಬಿಟ್‌ಗಳೂ ಬಹುತೇಕ ಮನುಷ್ಯರೂ ಆಡುವ ಸಾಮಾನ್ಯ ಭಾಷೆಗೆ ವೆಸ್ಟ್ರನ್ ಎಂದು ಹೆಸರು. ಪುಸ್ತಕದ ತುಂಬ ಇರುವ ಇಂಗ್ಲಿಷೆಲ್ಲ ಅದರ ಅನುವಾದವಂತೆ. ಟೋಲ್ಕಿನ್ ಬರೀ ಅನುವಾದಕರಂತೆ! ಹಾಗಾಗಿ ಫ್ರೋಡೋ ಬ್ಯಾಗಿನ್ಸ್‌ನ ಅಸಲಿ ಹೆಸರು ಮೌರಾ ಲಬಿಂಗಿ, ಸ್ಯಾಮ್‌ನದು ಬನಜೀರ್. ವೆಸ್ಟ್ರನ್‌ಗೆ ಇಂದಿನ ಇಂಗ್ಲಿಷ್ ಕೊಟ್ಟ ಮೇಲೆ, ಅದಕ್ಕೆ ದೂರದ ನಂಟಿರುವ ರೋಹನ್ ನಾಡಿನ ಕುದುರೆಸವಾರರ ಹಳೆಯ ಮಾತಿಗೆ ಸಾವಿರ ವರ್ಷ ಹಿಂದಿನ ಇಂಗ್ಲಿಷ್ ಕೊಟ್ಟರು. ಹಾಬಿಟ್‌ಗಳ ಕಿವಿಗೆ ರೋಹನ್‌ನ ಮಾತು ಹೇಗೆ ಕೇಳುತ್ತದೋ ಓದುಗನ ಕಿವಿಗೂ ಹಾಗೆಯೇ ಕೇಳಲಿ ಎಂಬ ಲೆಕ್ಕ. ಅರ್ಧ ತಿಳಿದಂತೆ, ಅರ್ಧ ತಿಳಿಯದಂತೆ. ನಮ್ಮಲ್ಲಾದರೆ ಹಾಬಿಟ್‌ಗೆ ಹೊಸಗನ್ನಡ ಕೊಟ್ಟು ರೋಹನ್‌ಗೆ ಹಳಗನ್ನಡ ಕೊಟ್ಟಂತೆ.

ಮೂರನೆಯ ಸಂಪುಟದ ಕೊನೆಗೆ ಸೇರಿಸಿದ ಭಾಷೆಗಳ ಅನುಬಂಧದಲ್ಲಿ ಇನ್ನೊಂದು ಸಂಗತಿಯಿದೆ. ಇಂಗ್ಲಿಷ್ ಓದುಗರು ಓದಿ ಮುಂದೆ ಹೋಗುತ್ತಾರೆ. ಕನ್ನಡದವರು ನಿಂತು ನಗಬೇಕು. ವೆಸ್ಟ್ರನ್ ಭಾಷೆಯಲ್ಲಿ ನೀನು, ನೀವು ಎಂಬ ಭೇದವಿತ್ತು. ಸಂಖ್ಯೆಯ ಭೇದವಲ್ಲ, ಸಲುಗೆ–ಮರ್ಯಾದೆಯ ಭೇದ. ಅವನು–ಅವರು ಎಂಬಲ್ಲೂ ಹಲವೊಮ್ಮೆ ಇತ್ತು. ಆದರೆ ಹಾಬಿಟ್‌ಗಳ ಹಳ್ಳಿನಾಡಾದ ಶೈರ್‌ನಲ್ಲಿ ಈ ಮರ್ಯಾದೆಯ ರೂಪ ಆಡುಮಾತಿನಿಂದ ಅಳಿಸಿಹೋಗಿತ್ತು. ಕೆಲವು ಹಳ್ಳಿಗರು ಮಾತ್ರ ಅದನ್ನು ಮುದ್ದಿನ ಮಾತಾಗಿ ಉಳಿಸಿಕೊಂಡಿದ್ದರು. ಇಂಥ ಶೈರ್‌ನಿಂದ ಪಿಪಿನ್ ಎಂಬ ಎಳೆಯ ಹಾಬಿಟ್ ಗೊಂಡೋರ್‌ನ ರಾಜಧಾನಿಗೆ ಬಂದಿಳಿಯುತ್ತಾನೆ. ಅಲ್ಲಿ ರಾಜನ ಗಾದಿಯ ಕೆಳಗೆ ಕೂತು ಆಳುತ್ತಿರುವವನು ಡೆನೆಥೋರ್. ಮುದುಕ, ಮಹಾ ಗರ್ವಿ, ಊರೆಲ್ಲ ಗಡಗಡ ನಡುಗುವ ಆಸಾಮಿ. ನಮ್ಮ ಪಿಪಿನ್ ಅವನ ಮುಂದೆ ನಿಂತು ಆರಾಮಾಗಿ ‘ನೀನು’ ಎಂದೇ ಮಾತಾಡುತ್ತಾನೆ. ಮುದುಕನಿಗೆ ಮೋಜೆನಿಸಿರಬಹುದು, ಸೇವಕರಿಗಂತೂ ಎದೆ ಧಸಕ್ಕೆಂದಿರಬೇಕು. ಡೆನೆಥೋರ್ ದೊರೆಯನ್ನೇ ಏಕವಚನದಲ್ಲಿ ಕರೆಯುವವನು ಸಾಮಾನ್ಯನಾಗಿರಲು ಸಾಧ್ಯವೇ? ಇವನು ಹಾಬಿಟ್‌ಗಳ ಯುವರಾಜನೇ ಇರಬೇಕು ಎಂದು ಊರಲ್ಲಿ ಗುಲ್ಲೆದ್ದಿತು.

ಕತೆಯಲ್ಲಿ ಪಿಪಿನ್‌ನನ್ನು ಜನ ಯುವರಾಜನೆಂದು ಕರೆಯುವುದು ಬರುತ್ತದೆ, ಕಾರಣ ಮಾತ್ರ ಅನುಬಂಧಕ್ಕೆ ಹೋಗಿ ಬಿದ್ದಿದೆ. ಇಂಗ್ಲಿಷಿಗೆ ಬಂದ ಬಡತನ ಅದು: ‘ಯೂ’ ಎಂಬ ಒಂದೇ ಪಾತ್ರೆಯಲ್ಲಿ ದೊರೆಗೂ ನಾಯಿಗೂ ಬಡಿಸಬೇಕು. ಭೇದ ತೋರಿಸಲು ದಾರಿಯಿಲ್ಲದೆ ಟೋಲ್ಕಿನ್ ಅಡಿಟಿಪ್ಪಣಿಗೆ ಶರಣಾದರು. ಕನ್ನಡದಲ್ಲಿ ಅದು ಕತೆಯ ನಡುವೆಯೇ ನಡೆದುಹೋಗುತ್ತದೆ. ಪಿಪಿನ್ ಬಾಯಲ್ಲಿ ‘ನೀನು’ ಇಟ್ಟು, ಆಸ್ಥಾನದವರ ಬಾಯಲ್ಲಿ ‘ತಾವು’ ಇಟ್ಟರೆ ಸಾಕು. ಲೇಖಕ ಬಯಸಿಯೂ ತನ್ನ ಭಾಷೆಯಲ್ಲಿ ಮಾಡಲಾಗದ್ದನ್ನು ಅನುವಾದಕ ಮಾಡಿ ತೋರಿಸಬಹುದಾದ ಅಪರೂಪದ ಜಾಗ ಇದು. ಆ ಕಾದಂಬರಿಗೆ ಕೈಹಾಕುವ ಕನ್ನಡದ ಅನುವಾದಕರು ದಯವಿಟ್ಟು ಇದನ್ನು ಬಿಡಬಾರದು.

ಟೋಲ್ಕಿನ್ ನಂತರದವರು ಈ ದಾರಿಯ ಸುಲಭದ ಭಾಗವನ್ನು ಮಾತ್ರ ಹಿಡಿದರು. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಕುಬ್ಜರಿಗೊಂದು ಭಾಷೆ, ಎಲ್ಫ್‌ಗಳಿಗೊಂದು, ಓರ್ಕ್‌ಗಳಿಗೊಂದು, ಎಲ್ಲರಿಗೂ ಸೇರಿ ‘ಕಾಮನ್’ ಎಂಬುದೊಂದು. ಮೊದಲ ಆವೃತ್ತಿಯಲ್ಲಂತೂ ಧರ್ಮಪಕ್ಷದವರಿಗೊಂದು, ಅಧರ್ಮಪಕ್ಷದವರಿಗೊಂದು ಭಾಷೆಯೂ ಇತ್ತು! ಆಟಕ್ಕೆ ಅಷ್ಟು ಸಾಕು, ತಪ್ಪಿಲ್ಲ. ಆದರೆ ಅಲ್ಲಿಂದ ಕಾದಂಬರಿಗಳಿಗೂ ವಿಡಿಯೊ ಗೇಮ್‌ಗಳಿಗೂ ಹಬ್ಬಿದ ‘ಒಂದು ಜನಾಂಗ, ಒಂದು ಭಾಷೆ’ ಎಂಬ ಸೂತ್ರ ಶುದ್ಧ ಸುಳ್ಳು. ಮಂಗಳೂರಿನ ಒಂದು ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಮಾತಾಡುವವರಲ್ಲಿ ಹಲವರು ನಾಲ್ಕನ್ನೂ ಬಲ್ಲರು. ಇಂಥ ಬೀದಿಯಿಲ್ಲದ ಎಲ್ಫ್‌ನಗರವನ್ನು ಹೇಗೆ ನಂಬುವುದು?

ಸಿನಿಮಾದವರು ವೃತ್ತಿಪರರನ್ನು ಕರೆತಂದರು. ‘ಸ್ಟಾರ್ ಟ್ರೆಕ್’ನ ಕ್ಲಿಂಗಾನ್ ಯೋಧರಿಗೆ ಮಾರ್ಕ್ ಓಕ್ರಾಂಡ್ ಎಂಬ ಭಾಷಾತಜ್ಞರು 1984ರ ಚಿತ್ರಕ್ಕಾಗಿ ಭಾಷೆ ಬೆಳೆಸಿ, ಮರುವರ್ಷ ನಿಘಂಟು ತಂದರು. ಮನುಷ್ಯಭಾಷೆಗಳಲ್ಲಿ ತೀರ ವಿರಳವಾದ ವಾಕ್ಯಕ್ರಮ ಬೇಕೆಂದು ಕರ್ಮ ಮೊದಲು, ಕ್ರಿಯೆ ನಡುವೆ, ಕರ್ತೃ ಕೊನೆಗೆ ಇಟ್ಟರು. ‘ಮುದ್ದೆಯನ್ನು ಉಂಡ ರಾಮ’ ಎಂಬುದು ನಮಗೂ ಬರುತ್ತದೆ, ಒತ್ತಿ ಹೇಳಬೇಕಾದಾಗ ಮಾತ್ರ. ಅವರಿಗೆ ಅದೇ ದಿನನಿತ್ಯದ ಮಾತು. ಹ್ಯಾಮ್ಲೆಟ್ ನಾಟಕವೂ ಆ ಭಾಷೆಗೆ ಅನುವಾದವಾಗಿದೆ. ‘ಗೇಮ್ ಆಫ್ ಥ್ರೋನ್ಸ್’ಗೆ ಡೇವಿಡ್ ಪೀಟರ್ಸನ್ ದೊತ್ರಾಕಿ ಕಟ್ಟಿದರು, ‘ಅವತಾರ್’ ಚಿತ್ರದ ನೀಲಿ ಜನರಿಗೆ ಪಾಲ್ ಫ್ರೋಮರ್ ನಾವಿ ಕಟ್ಟಿದರು. 2015ರ ‘ಬಾಹುಬಲಿ’ಯಲ್ಲಿ ಕಾಲಕೇಯರಿಗಾಗಿ ಮದನ್ ಕಾರ್ಕಿ ಕಿಲಿಕಿ ಎಂಬುದನ್ನು ಮಾಡಿದರು. ನಾಲಗೆ ಲೊಚಗುಟ್ಟಿಸಿ ಆರ್ಭಟಿಸುವ ಕಾಲಕೇಯರ ದೊರೆಯನ್ನು ಮಕ್ಕಳು ಅನುಕರಿಸಿದ್ದನ್ನು ಬಹಳ ಜನ ಕಂಡಿದ್ದೀರಿ. ಕೆಲಸದಲ್ಲಿ ಕುಸುರಿಯಿದೆ, ಒಪ್ಪುತ್ತೇನೆ. ಆದರೆ ಅರಮನೆಯವರಿಗೆಲ್ಲ ನಮ್ಮ ಮಾತು, ಕಪ್ಪು ಮೈಯ ಕಾಡು ದಂಡಿಗೆ ಮಾತ್ರ ವಿಚಿತ್ರ ಭಾಷೆ ಎಂಬ ಏರ್ಪಾಡು ಸೌರಾನ್ ಆಳುವ ಮೊರ್ದೋರ್‌ನಿಂದ ಬಾಹುಬಲಿಯ ಮಾಹಿಷ್ಮತಿಗೆ ಬಂದರೂ ಬದಲಾಗಲಿಲ್ಲ.

ನಮ್ಮ ಹಳೆಯ ರಂಗಭೂಮಿಗೂ ಈ ಲೆಕ್ಕಾಚಾರ ಗೊತ್ತಿತ್ತು. ‘ಶಾಕುಂತಲ’ದಲ್ಲಿ ದುಷ್ಯಂತ ಸಂಸ್ಕೃತ ಆಡಿದರೆ ಶಕುಂತಲೆ ಶೌರಸೇನಿ ಪ್ರಾಕೃತ ಆಡುತ್ತಾಳೆ, ಉಂಗುರ ತಂದ ಬೆಸ್ತನದು ಮಾಗಧಿ. ದುಭಾಷಿ ಇಲ್ಲದೆ ಪ್ರೇಮವೂ ಪೊಲೀಸ್ ವಿಚಾರಣೆಯೂ ನಡೆದುಹೋಗುತ್ತವೆ. ಪಿಶಾಚಗಳಿಗೂ ಒಂದು ಭಾಷೆ ಇತ್ತು, ಪೈಶಾಚಿ. ದಂಡಿ ಅದನ್ನು ಭೂತಭಾಷೆ ಎಂದ. ಪಂಥದಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಸಿ ಮೂರನ್ನೂ ಬಿಟ್ಟುಕೊಟ್ಟ ಗುಣಾಢ್ಯ, ತನಗೆ ಉಳಿದ ಆ ಒಂದೇ ಭಾಷೆಯಲ್ಲಿ ‘ಬೃಹತ್ಕಥೆ’ ಬರೆದ ಎಂಬುದು ‘ಕಥಾಸರಿತ್ಸಾಗರ’ದ ಕತೆ. ರಾಜ ಅದನ್ನು ತಿರಸ್ಕರಿಸಿದಾಗ ಒಂದೊಂದೇ ಹಾಳೆ ಓದಿ ಬೆಂಕಿಗೆ ಹಾಕಿದನಂತೆ, ಕಾಡಿನ ಮೃಗಗಳು ಮೇವು ಬಿಟ್ಟು ಕೇಳಿದವಂತೆ. ಮೂಲ ಉಳಿದಿಲ್ಲ. ಗಂಗರ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ಕನ್ನಡದ ದುರ್ಗಸಿಂಹ ತನ್ನ ‘ಪಂಚತಂತ್ರ’ದ ಬೇರನ್ನು ಗುಣಾಢ್ಯನಲ್ಲೇ ಕಾಣುತ್ತಾನೆ. ಪಿಶಾಚಗಳ ಭಾಷೆಯ ಋಣ ನಮ್ಮ ಮೇಲೂ ಇದೆ.

ಇನ್ನೊಂದು ದಿಕ್ಕಿನಿಂದ ನೋಡಿದರೆ ಪಿಶಾಚಗಳು ನಾವೇ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಸಿಕ್ಕ, 1903ರಲ್ಲಿ ಅಚ್ಚಾದ ಒಂದು ಪಪೈರಸ್ ಹಾಳೆಯಲ್ಲಿ ಕ್ರಿ.ಶ. ಎರಡನೆಯ ಶತಮಾನದ ಸುಮಾರಿನ ಗ್ರೀಕ್ ಪ್ರಹಸನವಿದೆ. ಖಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಇಂಡಿಯಾದ ಕಡಲತಡಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಕಡೆಯವರು ಸ್ಥಳೀಯ ದೊರೆಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ದೊರೆಯೂ ಅವನ ಜನರೂ ನಡುನಡುವೆ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ವಾದಿಸಿದರು, ಆರ್. ಶಾಮಾಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಅದು ತುಳು ಎಂದವರಿದ್ದಾರೆ, ನಗಿಸಲು ಬರೆದ ಬರೀ ಗಿಲಿಬಿಲಿ ಎಂದವರೂ ಇದ್ದಾರೆ. ಜಗಳ ತೀರಿಲ್ಲ. ಅದು ಯಾವ ಭಾಷೆಯೇ ಇರಲಿ, ಈಜಿಪ್ಟಿನ ಆ ಪ್ರೇಕ್ಷಕರಿಗೆ ನಮ್ಮ ಕರಾವಳಿಯವರು ಕಾಲಕೇಯರಾಗಿದ್ದರು ಎಂಬುದರಲ್ಲಿ ಅನುಮಾನವಿಲ್ಲ.

ಕನ್ನಡದಲ್ಲಿ ಫ್ಯಾಂಟಸಿ ಬರೆಯಲು ಹೊರಟಿರುವ ಹೊಸಬರಲ್ಲಿ ಒಂದು ಕೋರಿಕೆ. ರಾಕ್ಷಸರಿಗೆ ಹೊಸ ಲಿಪಿ, ಸಾವಿರ ಪದದ ನಿಘಂಟು ಎಲ್ಲ ಆಮೇಲಾಗಲಿ. ನಿಮ್ಮ ರಾಕ್ಷಸ ತನ್ನ ಅತ್ತೆಯನ್ನು ‘ನೀನು’ ಅನ್ನುತ್ತಾನೋ ‘ನೀವು’ ಅನ್ನುತ್ತಾನೋ, ಮೊದಲು ಅದನ್ನು ತೀರ್ಮಾನಿಸಿಕೊಳ್ಳಿ.